ಕಸಿಯಾದ ಮೇಲಿನ ನೂರು ದಿನ

ನಮ್ಮವರಲ್ಲಿ ಒಬ್ಬರ ಮನೆಗೆ ದೊಡ್ಡ ರೋಗ ಬಂದಿತೆಂದು ತಿಳಿದರೆ ಸಾಕು, ಅಡಿಗೆಮನೆಯ ಭಟ್ಟರಿಂದ ಹಿಡಿದು ಮೇಜು ಒರಸುವ ಹುಡುಗನವರೆಗೆ, ಗಿರಣಿಯಲ್ಲಾದರೆ ನೂಲುವ ಖಾತೆಯಿಂದ ನೇಯುವ ಖಾತೆಯವರೆಗೆ, ಎಲ್ಲರೂ ಕೈಲಾದಷ್ಟು ಹಾಕಿ ಹಣ ಕೂಡಿಸುತ್ತಾರೆ. ಇದು ದುಡಿಮೆಗಾರರ ದೊಡ್ಡ ಗುಣ. ಈ ಗುಣವಿರುವುದರಿಂದಲೇ ಸಂಘವೆಂಬುದು ನಿಂತಿದೆ. ಆದರೆ ಈಚೆಗೆ ನಮ್ಮವರ ಮನೆಗಳನ್ನೂ ಬಂದು ಮುಟ್ಟಿರುವ ಒಂದು ಚಿಕಿತ್ಸೆಯ ವಿಷಯದಲ್ಲಿ ಒಂದು ಸಲ ಹಣ ಕೂಡಿಸಿ ಕೊಟ್ಟರೆ ಕೆಲಸ ಮುಗಿಯುವುದಿಲ್ಲ. ಅದಾವುದೆಂದರೆ ಅಸ್ಥಿಮಜ್ಜೆಯ ಕಸಿ. ದವಾಖಾನೆಯಲ್ಲಿ ‘ಬೋನ್ ಮ್ಯಾರೋ’ ಎಂದೂ ‘ಸ್ಟೆಮ್ ಸೆಲ್’ ಎಂದೂ ಹೇಳುವುದು ಇದನ್ನೇ.

ರಕ್ತದ ಕ್ಯಾನ್ಸರು, ಥಲಸ್ಸೀಮಿಯ, ಮಜ್ಜೆ ಒಣಗಿ ರಕ್ತವೇ ಹುಟ್ಟದಂತಾಗುವ ರೋಗ, ಇವುಗಳಲ್ಲಿ ಅನೇಕರಿಗೆ ಈ ಕಸಿಯೇ ಕಡೆಯ ದಾರಿ. ಬೀದರ, ಗುಲಬರ್ಗಾ, ರಾಯಚೂರುಗಳಿಂದ ರೋಗಿಗಳು ಇಂದಿಗೂ ರೈಲು ಹತ್ತಿ ಬರುವುದು ಹೈದರಾಬಾದಿಗೇ. ಪಂಜಗುಟ್ಟದ ನಿಮ್ಸ್, ರೆಡ್ ಹಿಲ್ಸಿನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ, ಇವುಗಳ ಬಾಗಿಲಲ್ಲಿ ಕನ್ನಡ ಮಾತು ಕೇಳದ ದಿನವಿಲ್ಲ. ಬಂದವರು ಮೊದಲು ಹುಡುಕುವುದು ಹೊಟೇಲಿನಲ್ಲಿ ಕೆಲಸ ಮಾಡುವ ತಮ್ಮ ಊರಿನವನನ್ನು. ಆದುದರಿಂದ ಈ ಚಿಕಿತ್ಸೆಯಲ್ಲಿ ಏನಾಗುತ್ತದೆ, ಅದರ ನಿಜವಾದ ಅಪಾಯ ಎಲ್ಲಿದೆ ಎಂಬುದನ್ನು ನಾವು ತಿಳಿದಿರಬೇಕು.

ಏನು ಈ ಕಸಿ?

ಹೆಸರು ಕೇಳಿ ಕತ್ತಿ ಕತ್ತರಿಯ ಕೆಲಸವೆಂದು ಬಹಳ ಜನ ತಿಳಿಯುತ್ತಾರೆ. ಹಾಗಲ್ಲ. ನಮ್ಮ ಎಲುಬುಗಳ ಒಳಗಿನ ಮಜ್ಜೆಯಲ್ಲಿ ರಕ್ತವನ್ನು ಹುಟ್ಟಿಸುವ ಆಕರಕೋಶಗಳಿವೆ. ರೋಗಿಯ ಕೆಟ್ಟುಹೋದ ಮಜ್ಜೆಯನ್ನು ಬಲವಾದ ಔಷಧಗಳಿಂದ, ಕೆಲವರಿಗೆ ವಿಕಿರಣದಿಂದಲೂ, ಖಾಲಿ ಮಾಡುತ್ತಾರೆ. ಅನಂತರ ಹೊಂದಿಕೆಯಾಗುವ ಅಣ್ಣನೋ ತಂಗಿಯೋ ಕೊಟ್ಟ ಆಕರಕೋಶಗಳನ್ನು ಒಂದು ಚೀಲದಲ್ಲಿಟ್ಟು, ರಕ್ತ ಕೊಟ್ಟ ಹಾಗೆಯೇ ನರದ ಮೂಲಕ ಹನಿಸುತ್ತಾರೆ. ಅವು ತಾವೇ ದಾರಿ ಹುಡುಕಿಕೊಂಡು ಎಲುಬಿನೊಳಗೆ ಹೋಗಿ ಕೂಡುತ್ತವೆ. ಅಷ್ಟೆ. ಆ ದಿನವನ್ನು ಡಾಕ್ಟರರು ಸೊನ್ನೆಯ ದಿನವೆನ್ನುತ್ತಾರೆ. ಲೆಕ್ಕ ಪ್ರಾರಂಭವಾಗುವುದೇ ಅಲ್ಲಿಂದ.

ನಮಗೆ ತಿಳಿಯುವ ಮಾತಿನಲ್ಲಿ ಹೇಳುವುದಾದರೆ, ಒಂದು ಹೊಟೇಲಿನ ಹಳೆಯ ಆಳುಗಳನ್ನೆಲ್ಲ ಒಂದೇ ದಿನ ಕಳುಹಿಸಿ ಹೊಸಬರನ್ನು ತಂದಂತೆ. ಹೊಸಬರು ಗಟ್ಟಿಗರೇ ಇರಬಹುದು. ಆದರೆ ಅವರು ಬಂದು ಸೇರುವವರೆಗೆ ಬಾಗಿಲು ಕಾಯುವವರಿಲ್ಲ. ಸೇರಿದ ಮೇಲೂ ಯಾವ ಗಿರಾಕಿ ಒಳ್ಳೆಯವನು, ಯಾವನು ಕಳ್ಳ ಎಂಬುದು ಅವರಿಗೆ ಗೊತ್ತಿಲ್ಲ. ನಮ್ಮ ರಕ್ತದ ಬಿಳಿ ಕಣಗಳಿಗೆ ಇಂಥ ನೆನಪಿನ ಖಾತೆಯಿದೆ. ಮಗುವಾಗಿದ್ದಾಗಿನಿಂದ ಬಂದ ಜ್ವರ, ಹಾಕಿಸಿಕೊಂಡ ಲಸಿಕೆ, ಎಲ್ಲವೂ ಅದರಲ್ಲಿ ಬರೆದಿರುತ್ತವೆ. ಕಸಿಯಾದವನಲ್ಲಿ ಆ ಖಾತೆಯ ಬಹುಭಾಗ ಅಳಿಸಿಹೋಗುತ್ತದೆ. ದಾನಿಯ ರಕ್ತದ ಗುಂಪು ಬೇರೆಯಾಗಿದ್ದರೆ ರೋಗಿಯ ಗುಂಪೂ ಅದಕ್ಕೆ ಬದಲಾಗುವಷ್ಟು ಎಲ್ಲವೂ ಹೊಸದು. ಮೂವತ್ತು ವರ್ಷದ ಗಂಡಸು ರೋಗ ತಡೆಯುವ ಶಕ್ತಿಯಲ್ಲಿ ತೊಟ್ಟಿಲ ಕೂಸಿಗೆ ಸಮನಾಗುತ್ತಾನೆ.

ಒಂದೇ ವರ್ಷದ ಎರಡು ಸಂಗತಿಗಳು

ನಮ್ಮ ದೇಶದಲ್ಲಿ ಇಂಥ ಮೊದಲನೆಯ ಕಸಿ ನಡೆದದ್ದು 1983ರ ಮಾರ್ಚಿನಲ್ಲಿ, ಮುಂಬಯಿ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. ರಕ್ತದ ಕ್ಯಾನ್ಸರು ಬಂದಿದ್ದ ಒಂಬತ್ತು ವರ್ಷದ ಹುಡುಗಿಗೆ ಅವಳ ಸಹೋದರನ ಮಜ್ಜೆಯನ್ನು ಡಾಕ್ಟರ್ ಸುರೇಶ ಅಡ್ವಾಣಿಯವರು ಕಸಿ ಮಾಡಿದರು. ಹುಡುಗಿ ಬದುಕಿದಳು. 1982ರ ಜನವರಿಯಲ್ಲಿ ಪ್ರಾರಂಭವಾದ ಗಿರಣಿ ಮುಷ್ಕರದಿಂದ ಅದೇ ಪರೇಲಿನಲ್ಲಿ ಸಾವಿರಾರು ಮನೆಗಳ ಒಲೆ ಆರಿದ್ದ ಕಾಲವದು. ಆಗ ಈ ಚಿಕಿತ್ಸೆ ನಮ್ಮಂಥವರಿಗೆ ಒದಗೀತೆಂದು ಯಾರೂ ಎಣಿಸಿರಲಾರರು.

ಅದೇ 1983ರ ಅಕ್ಟೋಬರಿನಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಡೇವಿಡ್ ವೆಟ್ಟರ್ ಎಂಬ ಹುಡುಗನಿಗೆ ಅಕ್ಕನ ಮಜ್ಜೆ ಕೊಟ್ಟರು. ಹುಟ್ಟಿನಿಂದಲೇ ರೋಗ ತಡೆಯುವ ಶಕ್ತಿಯಿಲ್ಲದ ಅವನನ್ನು ಹನ್ನೆರಡು ವರ್ಷ ಪ್ಲಾಸ್ಟಿಕ್ ಗುಡಾರದಲ್ಲಿ, ಒಂದು ರೋಗಾಣುವೂ ತಾಗದಂತೆ ಸಾಕಿದ್ದರು. ಆದರೆ ಅಕ್ಕನ ಮಜ್ಜೆಯಲ್ಲಿ ಎಪ್‌ಸ್ಟೀನ್-ಬಾರ್ ಎಂಬ ವೈರಸ್ ಅಡಗಿತ್ತು. ಅಕ್ಕನಿಗೆ ಅದರಿಂದ ಏನೂ ಆಗಿರಲಿಲ್ಲ. ತಮ್ಮನ ಮೈಯಲ್ಲಿ ಅದು ಕ್ಯಾನ್ಸರನ್ನು ಹುಟ್ಟಿಸಿತು. 1984ರ ಫೆಬ್ರವರಿಯಲ್ಲಿ ಹುಡುಗ ತೀರಿಕೊಂಡನು. ಪ್ರೀತಿಯಿಂದ ಕೊಟ್ಟ ಮಜ್ಜೆಯ ಜೊತೆಗೇ ಸಾವೂ ಒಳಗೆ ಬಂದಿತು.

ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಕಸಿಯು ಕೂಡುವುದೊಂದು ಗೆಲುವು. ಕೂಡಿದ ಮೇಲೆ ರೋಗಾಣುಗಳಿಂದ ಪಾರಾಗುವುದು ಬೇರೆಯೇ ಗೆಲುವು. ಎರಡನೆಯದಿಲ್ಲದೆ ಮೊದಲನೆಯದು ನಿಲ್ಲದು. ಅಂದಿನಿಂದ ವಿಜ್ಞಾನ ಬಹಳ ಮುಂದೆ ಬಂದಿದೆ. ಇಂದು ದಾನಿಯ ರಕ್ತವನ್ನೂ ರೋಗಿಯ ರಕ್ತವನ್ನೂ ಇಂಥ ವೈರಸ್ಸುಗಳಿಗಾಗಿ ಮೊದಲೇ ಪರೀಕ್ಷಿಸುತ್ತಾರೆ. ಆದರೂ ಅಪಾಯದ ಕಾಲ ಹೋಗಿಲ್ಲ.

ಅಪಾಯದ ಮೂರು ಕಾಲಗಳು

ಮೊದಲನೆಯದು ಎರಡರಿಂದ ನಾಲ್ಕು ವಾರ. ಬಿಳಿ ಕಣಗಳು ಇಲ್ಲವೇ ಇಲ್ಲವೆನ್ನುವಷ್ಟು ಇಳಿದಿರುತ್ತವೆ. ಔಷಧದಿಂದ ಬಾಯಿ ಕರುಳುಗಳ ಒಳಪದರ ಹುಣ್ಣಾಗಿ, ನಮ್ಮ ಹೊಟ್ಟೆಯಲ್ಲೇ ಇರುವ ಬ್ಯಾಕ್ಟೀರಿಯಗಳು ರಕ್ತಕ್ಕೆ ನುಗ್ಗುತ್ತವೆ. ಬೂಷ್ಟುಗಳೂ ಏಳುತ್ತವೆ. ಬಿಳಿ ಕಣಗಳಿಲ್ಲದ ಮೈಯಲ್ಲಿ ಕೀವು ಆಗುವುದಿಲ್ಲ, ಬಾವು ಏಳುವುದಿಲ್ಲ. ಏಕೆಂದರೆ ಕೀವೆಂಬುದೇ ಸತ್ತ ಬಿಳಿ ಕಣಗಳ ರಾಶಿ. ಹಾಗಾಗಿ ಸೋಂಕು ತಗಲಿದ್ದಕ್ಕೆ ಅನೇಕ ವೇಳೆ ಒಂದೇ ಗುರುತು ಜ್ವರ. 100.4 ಡಿಗ್ರಿ ದಾಟಿತೆಂದರೆ ಗಂಟೆಯೊಳಗೆ ಔಷಧ ನರಕ್ಕೆ ಹೋಗಬೇಕು. ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಮೂರು ದಿನ ಸತತವಾಗಿ 500ಕ್ಕೆ ಮೇಲೆ ನಿಂತರೆ ಕಸಿ ಹಿಡಿಯಿತೆಂದು ಡಾಕ್ಟರರು ಹೇಳುತ್ತಾರೆ. ಮನೆಯವರು ಮಿಠಾಯಿ ಹಂಚುವುದು ಅಂದೇ.

ಆದರೆ ಎರಡನೆಯ ಕಾಲ ಆಗ ಪ್ರಾರಂಭವಾಗಿ ನೂರನೆಯ ದಿನದವರೆಗೆ ನಡೆಯುತ್ತದೆ. ಕಾವಲುಗಾರರು ಬಂದರು, ಆದರೆ ಮೇಸ್ತ್ರಿಗಳು ಬಂದಿಲ್ಲ. ವೈರಸ್ಸುಗಳನ್ನು ಗುರುತಿಸಿ ಕೊಲ್ಲುವ ಟಿ-ಕಣಗಳು ತಿಂಗಳುಗಟ್ಟಲೆ ಬರುವುದಿಲ್ಲ. ಅವನ್ನು ಪಳಗಿಸುವ ಥೈಮಸ್ ಎಂಬ ಗ್ರಂಥಿ ಎದೆಯೊಳಗಿದೆ. ವಯಸ್ಸಾದಂತೆ ಅದು ಬತ್ತುತ್ತದೆ. ಮಕ್ಕಳು ಬೇಗ ಚೇತರಿಸಿ ದೊಡ್ಡವರು ತಡವಾಗಿ ಚೇತರಿಸುವುದಕ್ಕೆ ಇದೂ ಒಂದು ಕಾರಣ. ಸೈಟೋಮೆಗಾಲೋ ಎಂಬ ವೈರಸ್ ನಮ್ಮ ದೇಶದಲ್ಲಿ ದೊಡ್ಡವರಾದ ಹೆಚ್ಚುಕಡಿಮೆ ಎಲ್ಲರ ಮೈಯಲ್ಲೂ ಸದ್ದಿಲ್ಲದೆ ಮಲಗಿರುತ್ತದೆ. ಈ ಕಾಲದಲ್ಲಿ ಅದು ಎದ್ದು ಶ್ವಾಸಕೋಶ ಕರುಳುಗಳನ್ನು ಹಿಡಿಯುತ್ತದೆ. ಅದಕ್ಕಾಗಿಯೇ ವಾರವಾರವೂ ರಕ್ತಪರೀಕ್ಷೆ. ಇದರ ಮೇಲೆ ಇನ್ನೊಂದು ತೊಡಕು: ದಾನಿಯ ಕಣಗಳು ರೋಗಿಯ ಮೈಯನ್ನೇ ಪರರದೆಂದು ತಿಳಿದು ಚರ್ಮ, ಕರುಳು, ಯಕೃತ್ತುಗಳ ಮೇಲೆ ಬೀಳುತ್ತವೆ. ಆ ಜಗಳ ನಿಲ್ಲಿಸಲು ಕೊಡುವ ಸ್ಟೀರಾಯ್ಡ್ ಮೊದಲಾದ ಔಷಧಗಳು ಇರುವ ಅಲ್ಪ ಶಕ್ತಿಯನ್ನೂ ತಗ್ಗಿಸುತ್ತವೆ. ಪೂರ್ತಿ ಹೊಂದುವ ದಾನಿ ಸಿಗದೆ ತಂದೆತಾಯಿಗಳಿಂದ ಅರ್ಧ ಹೊಂದಿಕೆಯ ಮಜ್ಜೆ ಪಡೆಯುವುದೂ ಈಗ ಸಾಧ್ಯ. ಆದರೆ ಅಂಥವರಲ್ಲಿ ವೈರಸ್ಸುಗಳ ಕಾಟ ಇನ್ನೂ ಹೆಚ್ಚು.

ನೂರನೆಯ ದಿನದಾಚೆಗೆ ಮೂರನೆಯ ಕಾಲ. ವಿಷಕಣಗಳಿಗೆ ಪ್ರತಿವಸ್ತು ತಯಾರಿಸುವ ಬಿ-ಕಣಗಳು ಸರಿಹೋಗಲು ಒಂದೆರಡು ವರ್ಷವೂ ಹಿಡಿದೀತು. ಅಲ್ಲಿಯವರೆಗೆ ನ್ಯುಮೋನಿಯ, ಸರ್ಪಸುತ್ತು, ನಮ್ಮ ದೇಶದಲ್ಲಿ ಕ್ಷಯವೂ ಕಾದು ಕುಳಿತಿರುತ್ತವೆ. ತಿಂಗಳುಗಟ್ಟಲೆ ದಿನವೂ ಮಾತ್ರೆ ನುಂಗಬೇಕು. ಆಮೇಲೆ ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು, ಪೋಲಿಯೋ ಎಂದು ಕೂಸಿನ ಲಸಿಕೆಗಳನ್ನೆಲ್ಲ ಮೊದಲಿನಿಂದ ಹಾಕಿಸಬೇಕು. ದಡಾರದಂಥ ಜೀವಂತ ಲಸಿಕೆಗಳನ್ನು ಎರಡು ವರ್ಷ ಕಳೆಯುವ ಮುಂಚೆ ಕೊಡುವಂತಿಲ್ಲ.

ನಮ್ಮ ಕೋಣೆಗಳಿಗೆ ಮರಳುವ ರೋಗಿ

ಈಗ ನಮ್ಮ ಮಾತಿಗೆ ಬರೋಣ. ದವಾಖಾನೆಯಲ್ಲಿ ಕಸಿಯಾದವನನ್ನು ಇಡುವ ಕೋಣೆಗೆ ಸೋಸಿದ ಗಾಳಿ ಬರುತ್ತದೆ. ಕೂದಲಿಗಿಂತ ನೂರಾರು ಪಾಲು ಸಣ್ಣ ಕಣವನ್ನೂ ಆ ಸೋಸುಗ ಹಿಡಿಯುತ್ತದೆ. ಐದಾರು ವಾರದ ಮೇಲೆ ರೋಗಿಯನ್ನು ಬಿಡುತ್ತಾರೆ. ಅವನು ಹೋಗುವುದೆಲ್ಲಿಗೆ? ಹೊಟೇಲಿನ ಮಾಳಿಗೆಯ ಮೇಲೆ ಎಂಟು ಜನ ಚಾಪೆ ಹಾಸುವ ಕೋಣೆಗೆ. ಒಬ್ಬನಿಗೆ ನೆಗಡಿಯಾದರೆ ಎಂಟು ಜನಕ್ಕೂ ಆಗುವ ಕೋಣೆಗೆ. ಗೋಡೆಯ ತೇವದಲ್ಲಿ ಬೂಷ್ಟು. ಕಿಟಕಿಯಾಚೆ ಹೊಸ ಕಟ್ಟಡದ ಧೂಳು. ಆ ಧೂಳಿನಲ್ಲಿ ಆಸ್ಪರ್‌ಜಿಲಸ್ ಎಂಬ ಬೂಷ್ಟಿನ ಬೀಜಗಳಿರುತ್ತವೆ. ನಮಗೆ ಏನೂ ಮಾಡದ ಆ ಬೀಜ ಅವನ ಶ್ವಾಸಕೋಶದಲ್ಲಿ ಮೊಳೆಯುತ್ತದೆ.

ಲಕ್ಷಗಟ್ಟಲೆ ಸುರಿದು ಗೆದ್ದದ್ದನ್ನು ಒಂದು ಒಳ್ಳೆಯ ಕೋಣೆ ಇಲ್ಲದ್ದರಿಂದ ಕಳೆದುಕೊಳ್ಳುವುದೆಂದರೆ ಹಡಗು ದಾಟಿ ದಂಡೆಯಲ್ಲಿ ಮುಳುಗಿದಂತೆ. ಕಸಿಗೆ ಈಗ ಅಲ್ಪಸ್ವಲ್ಪ ನೆರವಾದರೂ ಉಂಟು. ತೆಲಂಗಾಣ ಸರಕಾರ 2023ರ ಡಿಸೆಂಬರಿನಲ್ಲಿ ಆರೋಗ್ಯಶ್ರೀಯ ಮಿತಿಯನ್ನು 5 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿಸಿತು. ಥಲಸ್ಸೀಮಿಯದ ಮಕ್ಕಳ ಕಸಿಗೆ ಕೋಲ್ ಇಂಡಿಯಾ ಕಂಪೆನಿ 2017ರಿಂದ 10 ಲಕ್ಷದವರೆಗೆ ಕೊಡುತ್ತ ಬಂದಿದೆ. ಆದರೆ ನಮ್ಮವರಲ್ಲಿ ಎಷ್ಟೋ ಜನರ ರೇಷನ್ ಕಾರ್ಡು ಊರಿನಲ್ಲಿದೆ, ದುಡಿಮೆ ಇಲ್ಲಿದೆ. ಅಲ್ಲಿ ಹೋದರೆ ‘ನೀನು ಹೈದರಾಬಾದಿನವನು’, ಇಲ್ಲಿ ಕೇಳಿದರೆ ‘ನೀನು ಕರ್ನಾಟಕದವನು’. ಕೊಡುವಾಗ ಎರಡೂ ಕಡೆಯವರಿಗೆ ನಾವು ಪರಕೀಯರು. ತಟ್ಟೆ ತೊಳೆಯುವಾಗ ಮಾತ್ರ ಯಾರೂ ಊರು ಕೇಳುವುದಿಲ್ಲ.

ದುಡಿಮೆಯ ನಷ್ಟವನ್ನೂ ನೋಡಿರಿ. ಕಾರ್ಮಿಕರ ರಾಜ್ಯ ವಿಮೆ, ನಾವು ಇ.ಎಸ್.ಐ. ಎನ್ನುವುದು, 1952ರಲ್ಲಿ ಕಾನಪುರ ಮತ್ತು ದಿಲ್ಲಿಗಳಲ್ಲಿ ಪ್ರಾರಂಭವಾಯಿತು. 2019ರ ಜುಲೈಯಿಂದ ಪಗಾರದ ನೂರು ರೂಪಾಯಿಗೆ ಮಾಲೀಕ ಮೂರೂಕಾಲು ರೂಪಾಯಿ, ನಾವು ಮುಕ್ಕಾಲು ರೂಪಾಯಿ ಕಟ್ಟುವ ಏರ್ಪಾಡಾಗಿದೆ. ಅದರಲ್ಲಿ ಕಾಯಿಲೆ ಬಿದ್ದವನಿಗೆ ವರ್ಷಕ್ಕೆ 91 ದಿನ ಪಗಾರದ ನೂರಕ್ಕೆ 70 ಪಾಲು ಸಿಗುತ್ತದೆ. ಕ್ಯಾನ್ಸರಿನಂಥ ದೀರ್ಘ ರೋಗಗಳಿಗೆ, ಎರಡು ವರ್ಷದ ಸೇವೆಯೂ ಬೇಕಾದಷ್ಟು ದಿನದ ವಂತಿಗೆಯೂ ಇದ್ದರೆ, ನೂರಕ್ಕೆ 80 ಪಾಲಿನಂತೆ ಎರಡು ವರ್ಷದವರೆಗೆ ನೆರವುಂಟು. ಕಸಿಯಾದವನ ಚೇತರಿಕೆಗೆ ಬೇಕಾದದ್ದೂ ಅಷ್ಟೇ ಕಾಲ! ಹಕ್ಕು ಕಾಗದದ ಮೇಲಿದೆ. ಆದರೆ ಹತ್ತು ಜನ ಇದ್ದರೆ ಇ.ಎಸ್.ಐ. ಅನ್ವಯಿಸುತ್ತದೆಂದು ಇಪ್ಪತ್ತು ಜನ ದುಡಿಯುವ ಹೊಟೇಲಿನ ರಿಜಿಸ್ಟರಿನಲ್ಲಿ ಒಂಬತ್ತೇ ಹೆಸರು ಬರೆಯುವ ಮಾಲೀಕರಿದ್ದಾರೆ. ಉಳಿದ ಹನ್ನೊಂದು ಜನ ಯಾರು? ಅವರಿಗೆ ರಕ್ತವಿಲ್ಲವೆ, ರೋಗವಿಲ್ಲವೆ?

ರೋಗಿ ಕಾರ್ಮಿಕನ ಮಗುವಾಗಿದ್ದರಂತೂ ಕಾಯಲು ಕೂತ ತಂದೆಗೆ ಒಂದು ಕಾಸೂ ಇಲ್ಲ. ಮಗುವಿಗೆ ಚಿಕಿತ್ಸೆ ಸಿಗಬಹುದು, ತಂದೆಯ ಪಗಾರ ಸಿಗದು. ನೂರು ದಿನ ಕೆಲಸ ಬಿಟ್ಟರೆ ಮನೆ ಉಪವಾಸ, ಕೆಲಸಕ್ಕೆ ಹೋದರೆ ರೋಗಿ ಒಂಟಿ. ಈ ಇಕ್ಕಟ್ಟಿನಲ್ಲಿ ನಡುರಾತ್ರಿ ಜ್ವರ ಬಂದರೆ ಬೆಳಗಾಗಲಿ ಎಂದು ಒಂದು ಮಾತ್ರೆ ನುಂಗಿಸಿ ಮಲಗಿಸುವುದುಂಟು. ಜ್ವರ ಇಳಿದಂತೆ ತೋರುತ್ತದೆ. ಸೋಂಕು ಒಳಗೇ ಏರುತ್ತದೆ. ಇಲ್ಲಿ ತಂದೆಗೆ ತಿಳಿವಳಿಕೆಯಿಲ್ಲವೆಂದು ದೂರುವುದು ಸುಲಭ. ನಡುರಾತ್ರಿಯ ಆಟೋದ ಬಾಡಿಗೆ, ಮರುದಿನದ ಪಗಾರ, ಇವುಗಳ ಲೆಕ್ಕವೇ ಅವನ ಕೈ ಕಟ್ಟಿದೆಯೆಂದು ನಾವು ಹೇಳುತ್ತೇವೆ.

ಕೊಡುವವನ ಮಾತು

ಒಡಹುಟ್ಟಿದವರಲ್ಲಿ ಒಬ್ಬೊಬ್ಬರ ಮಜ್ಜೆಯೂ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಹೊಂದಿದವನು ದೊರೆತರೂ ‘ಬೆನ್ನುಹುರಿ ತೆಗೆಯುತ್ತಾರೆ, ಮೇಲೆ ಭಾರ ಎತ್ತಲಾಗದು’ ಎಂದು ಹೆದರಿಸುವವರುಂಟು. ಇದು ಶುದ್ಧ ಸುಳ್ಳು. ಬೆನ್ನುಹುರಿಗೆ ಯಾರೂ ಕೈ ಹಾಕುವುದಿಲ್ಲ. ನಾಲ್ಕೈದು ದಿನ ಸೂಜಿಮದ್ದು ಕೊಟ್ಟು, ಒಂದು ತೋಳಿನಿಂದ ರಕ್ತ ತೆಗೆದು, ಆಕರಕೋಶಗಳನ್ನು ಯಂತ್ರದಲ್ಲಿ ಬೇರ್ಪಡಿಸಿ, ಉಳಿದ ರಕ್ತವನ್ನು ಇನ್ನೊಂದು ತೋಳಿಗೆ ಹಿಂದಿರುಗಿಸುತ್ತಾರೆ. ಇಲ್ಲವೆ ಮಂಪರು ಕೊಟ್ಟು ಸೊಂಟದ ಎಲುಬಿನಿಂದ ಮಜ್ಜೆ ಹೀರುತ್ತಾರೆ. ಕೊಟ್ಟದ್ದನ್ನು ಮೈ ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತದೆ.

ನಿಜವಾದ ಹೆದರಿಕೆ ಬೇರೆ. ತಮ್ಮನಿಗೆ ಮಜ್ಜೆ ಕೊಡಲು ಹತ್ತು ದಿನ ರಜೆ ಹಾಕಿದ ಸಪ್ಲೈಯರನೊಬ್ಬ ತಿರುಗಿ ಬಂದಾಗ ಅವನ ಜಾಗದಲ್ಲಿ ಬೇರೊಬ್ಬ ಹುಡುಗ ನಿಂತಿದ್ದುದನ್ನು ನಾವು ಕಂಡಿದ್ದೇವೆ. ಅಂಗದಾನ ಮಾಡುವ ಕೇಂದ್ರ ಸರಕಾರದ ನೌಕರನಿಗೆ 2023ರಿಂದ 42 ದಿನಗಳವರೆಗೆ ವಿಶೇಷ ರಜೆಯಿದೆ. ಹೊಟೇಲಿನವನಿಗೆ ಹತ್ತು ದಿನ ಬೇಡವೆ?

ಅಡಿಗೆಮನೆಯ ಹೊಣೆ

ಇನ್ನೊಂದು ಮಾತು ನಮ್ಮ ಕಸುಬಿನದು. ದವಾಖಾನೆಗಳ ಸುತ್ತಲಿನ ಹೊಟೇಲುಗಳಿಂದಲೇ ರೋಗಿಗಳ ಮನೆಯವರು ಇಡ್ಲಿ ಕಟ್ಟಿಸಿಕೊಂಡು ಹೋಗುತ್ತಾರೆ. ಕಸಿಯಾದವನಿಗೆ ಹಸಿ ಕಾಯಿಚಟ್ನಿ ಬೇಡ, ಕತ್ತರಿಸಿಟ್ಟ ಹಣ್ಣು ಬೇಡ, ಕುದಿಸದ ನೀರು ಬೇಡ. ಆಗತಾನೆ ಬೇಯಿಸಿ ಬಿಸಿಯಾಗಿರುವುದೇ ಬೇಕು. ಬೆಳಗಿನ ಅನ್ನವನ್ನು ಸಂಜೆ ಬಿಸಿ ಮಾಡಿ ಕೊಡುವುದು ಎಲ್ಲರಿಗೂ ಕೆಟ್ಟದ್ದು, ಅವನಿಗೆ ವಿಷ. ಇದನ್ನು ಬಲ್ಲ ಭಟ್ಟರು ಒಬ್ಬ ಡಾಕ್ಟರನಷ್ಟೇ ಜೀವ ಉಳಿಸಬಲ್ಲರು.

ಆದರೆ ಭೇದಿಯಾಗಿರುವ ಅಡಿಗೆಯವನನ್ನು, ಜ್ವರವಿರುವ ಮಾಣಿಯನ್ನು ‘ಒಂದು ದಿನ ತಪ್ಪಿದರೆ ಪಗಾರ ಕಡಿತ’ ಎಂದು ದುಡಿಸಿದರೆ ಯಾವ ಶುಚಿತ್ವದ ಬೋರ್ಡು ಹಾಕಿ ಏನು ಫಲ? ಅವನೂ ಸಾಬೂನಿಗೆ ಬದಲು ಔಷಧದ ಅಂಗಡಿಗೆ ಹೋಗಿ, ಚೀಟಿಯಿಲ್ಲದೆ ಎರಡು ಆ್ಯಂಟಿಬಯೋಟಿಕ್ ಗುಳಿಗೆ ನುಂಗಿ ಮತ್ತೆ ಒಲೆಯ ಮುಂದೆ ನಿಲ್ಲುತ್ತಾನೆ. ಹೀಗೆ ಅರ್ಧಂಬರ್ಧ ನುಂಗಿದ ಗುಳಿಗೆಗಳಿಂದ ಯಾವ ಔಷಧಕ್ಕೂ ಬಗ್ಗದ ಬ್ಯಾಕ್ಟೀರಿಯಗಳು ನಮ್ಮ ಕರುಳುಗಳಲ್ಲೇ ಬೆಳೆಯುತ್ತವೆ. ನಮ್ಮ ದೇಶದ ಕಸಿ ವಾರ್ಡುಗಳಲ್ಲಿ ಡಾಕ್ಟರರನ್ನು ಹೆಚ್ಚು ಕಾಡುವುದು ಇವೇ. ಕಾಯಿಲೆಯ ರಜೆಗೆ ಪಗಾರ ಕೊಡಿರೆಂದು ನಾವು ಕೇಳುವುದನ್ನು ಸೋಮಾರಿಗಳ ಕೂಗೆಂದು ಹಳಿಯುವ ಮಾಲೀಕರು ಇದನ್ನು ತಿಳಿಯಬೇಕು. ಆ ರಜೆ ನಮ್ಮ ಮೈಗೆ ಮಾತ್ರವಲ್ಲ, ಅವರ ಗಿರಾಕಿಯ ಪ್ರಾಣಕ್ಕೂ ಕಾವಲು.

‘ಸಾವಿರದಲ್ಲಿ ಒಬ್ಬನಿಗೆ ಬರುವ ರೋಗಕ್ಕೆ ಇಷ್ಟೆಲ್ಲ ಏಕೆ?’ ಎಂದು ಕೆಲವರು ಕೇಳಬಹುದು. ಕಸಿಯಾದವನಿಗೆ ಬೇಕಾದ ಶುದ್ಧ ನೀರು, ಗಾಳಿಯಾಡುವ ಕೋಣೆ, ಜ್ವರಕ್ಕೆ ರಜೆ, ಇವುಗಳಲ್ಲಿ ಯಾವುದು ಉಳಿದವರಿಗೆ ಬೇಡವಾದದ್ದು? ಬಲಹೀನನ ಅಳತೆಯಿಂದ ಕಟ್ಟಿದ ಮನೆಯಲ್ಲಿ ಬಲವಂತನೂ ಸುಖವಾಗಿರುತ್ತಾನೆ. ಕ್ಷಯ ಹಿಡಿದವನಿಗೂ, ಸಕ್ಕರೆ ಕಾಯಿಲೆಯವನಿಗೂ, ಬಾಣಂತಿಗೂ ಅದೇ ಬೇಕು.

ಆದುದರಿಂದ ನಮ್ಮ ಕೋರಿಕೆಗಳು ಇವು. ಸಂಘದವರು ಇಂಥ ರೋಗಿಗಾಗಿ ಕೂಡಿಸುವ ಹಣದಲ್ಲಿ ಒಂದು ಭಾಗವನ್ನು ನೂರು ದಿನಕ್ಕೆಂದೇ ಬೇರೆ ತೆಗೆದಿಡಬೇಕು: ಕಾಯುವವನ ಪಗಾರಕ್ಕೆ, ಆಟೋಕ್ಕೆ, ವಾರದ ಪರೀಕ್ಷೆಗೆ. ದವಾಖಾನೆಯ ಸಮೀಪದಲ್ಲಿ ತೇವವಿಲ್ಲದ ಒಂದೆರಡು ಕೋಣೆಗಳನ್ನು ಕನ್ನಡ ಸಂಸ್ಥೆಗಳೂ ಸಂಘವೂ ಕೂಡಿ ಬಾಡಿಗೆಗೆ ಹಿಡಿಯಬೇಕು. ಮಾಲೀಕರು ಪ್ರತಿಯೊಬ್ಬ ಆಳಿನ ಹೆಸರನ್ನೂ ಇ.ಎಸ್.ಐ.ಗೆ ಬರೆಸಬೇಕು, ಮಜ್ಜೆ ಕೊಡುವವನ ಕೆಲಸ ಕಾದಿಡಬೇಕು. ಸರಕಾರದವರು ರೇಷನ್ ಕಾರ್ಡು ಎಲ್ಲಿಯದೆಂದು ನೋಡದೆ ದುಡಿಯುವ ಊರಿನಲ್ಲಿ ಚಿಕಿತ್ಸೆ ಕೊಡಬೇಕು. ಕಸಿಯಾದವರ ಎರಡನೆಯ ಸುತ್ತಿನ ಲಸಿಕೆಗಳನ್ನು ಉಚಿತ ಮಾಡಬೇಕು. ಭಾರತ್ ಬಯೋಟೆಕ್, ಬಯಾಲಾಜಿಕಲ್ ಇ ಎಂಬ ಲಸಿಕೆಯ ದೊಡ್ಡ ಕಾರಖಾನೆಗಳು ಇದೇ ಹೈದರಾಬಾದಿನಲ್ಲಿವೆ. 1897ರಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಮೂಲ ಕಂಡದ್ದು ಇಲ್ಲಿಯ ಸಿಕಂದರಾಬಾದಿನಲ್ಲಿ. ಜಗತ್ತಿಗೆ ಲಸಿಕೆ ಕಳುಹಿಸುವ ಊರಿನಲ್ಲಿ ಒಬ್ಬ ಸಪ್ಲೈಯರನಿಗೆ ಸೂಜಿಮದ್ದು ಸಿಗದೆ ಹೋಗುವುದು ಈ ಊರಿಗೆ ಶೋಭೆಯಲ್ಲ.

ನಮ್ಮಲ್ಲಿ ಪ್ರತಿಯೊಬ್ಬನೂ ಮಾಡಬಲ್ಲದ್ದೂ ಉಂಟು. ಕೋಣೆಯಲ್ಲಿ ಅಂಥ ರೋಗಿಯಿದ್ದರೆ ಕೈ ತೊಳೆಯದೆ ಹತ್ತಿರ ಹೋಗಬೇಡಿರಿ, ನೆಗಡಿಯಿದ್ದರೆ ದೂರವಿರಿ, ಫ್ಲೂ ಲಸಿಕೆ ಹಾಕಿಸಿಕೊಳ್ಳಿರಿ, ಮನೆಯ ಮಗುವಿಗೆ ಪೋಲಿಯೋ ಹನಿ ಹಾಕಿಸುವ ಮುಂಚೆ ಡಾಕ್ಟರರನ್ನು ಕೇಳಿರಿ. ಜ್ವರ ಬಂದಿತೆಂದರೆ ಮಾತ್ರೆ ಕೊಟ್ಟು ಬೆಳಗಿಗೆ ಕಾಯದೆ ಆಗಲೇ ಎತ್ತಿಕೊಂಡು ಓಡಿರಿ. ಒಬ್ಬನ ಬಳಿ ಆಟೋದ ಬಾಡಿಗೆ ಇಲ್ಲದಿದ್ದರೆ ಎಂಟು ಜನರ ಬಳಿ ಕೂಡಿ ಇದ್ದೇ ಇರುತ್ತದೆ. ಸಂಘವೆಂದರೆ ಅದೇ ಅಲ್ಲವೆ?